ತೊಗರಿಯ ದಮ್ಮು

ಕಳೆದ ತಿಂಗಳು ರಕ್ತದೊತ್ತಡದ ಗುಳಿಗೆ ತರಲು ನಮ್ಮ ಓಣಿಯ ಔಷಧಿ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ನಲವತ್ತು ದಾಟಿದ ಮನುಷ್ಯ, ಒಳ್ಳೆಯವನೇ. ಆದರೆ ಈಚೆಗೆ ಅವನ ಒಂದು ಕಣ್ಣು ಗಿರಾಕಿಯ ಮೇಲಿದ್ದರೆ ಇನ್ನೊಂದು ಮೊಬೈಲಿನ ಮೇಲೆ. ಅವತ್ತು ನನಗೆ ಬೇರೆ ಯಾರದೋ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟ. ಬೈಯಲು ಬಾಯಿ ತೆರೆದವಳು ಅವನ ಮೊಬೈಲನ್ನು ನೋಡಿ ಹಾಗೇ ನಿಂತೆ. ಮೇಲೆ ಒಂದು ಅಂಕುಡೊಂಕಾದ ಗೆರೆ. ಅದರ ಕೆಳಗೆ ಒಂದು ಚೌಕ, ಆ ಚೌಕದ ನಡುವೆ ನೆಟ್ಟನೆಯ ಒಂದು ಗೆರೆ, ಅದನ್ನು ದಾಟಿ ಮೇಲೇರುವ, ಮತ್ತೆ ಕೆಳಗಿಳಿಯುವ ಮತ್ತೊಂದು ಗೆರೆ.

“ಇದೇನಪಾ, ಕೆಳಗಿಂದು?” ಎಂದೆ.

“ಶೇರ್ ಮಾರ್ಕೆಟ್ರಿ ಆಜಿ. ಮ್ಯಾಲಿಂದು ಭಾವ. ಕೆಳಗಿಂದು ಮೊಮೆಂಟಮ್. ಭಾವ ಎಷ್ಟ ಜೋರಲೆ ಓಡಾಕತ್ತದ ಅಂತ ತೋರಸ್ತದ. ನಿಮಗ ತಿಳಿಯೂದಿಲ್ಲ ಬಿಡ್ರಿ.”

“ಎಷ್ಟ ದಿನದ ಹಿಂದಿನ ಭಾವ ಕಳದೀ? ಹತ್ತೋ, ಹದಿನಾಕೋ?”

ಆತ ಮೊಬೈಲನ್ನು ಬೋರಲು ಹಾಕಿ ನನ್ನನ್ನೇ ನೋಡಿದ. ಆರು ವರ್ಷದಿಂದ ನಾನು ಅವನ ಗಿರಾಕಿ. ಆದರೆ ಅವನು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು. “ನಿಮಗ ಹ್ಯಾಂಗ ಗೊತ್ತ ಆಜಿ?” ಎಂದು ಕೇಳಿದ. ನಾನು ನಕ್ಕು, ಗುಳಿಗೆ ಬದಲಿಸಿಕೊಂಡು ಮನೆಗೆ ಬಂದೆ. ಹೇಳಬೇಕೆಂದರೆ ನಮ್ಮ ಮಾವನವರಿಂದ ಸುರುಮಾಡಬೇಕು, ಅಷ್ಟು ಹೊತ್ತು ಔಷಧಿ ಅಂಗಡಿಯ ಮುಂದೆ ನಿಲ್ಲುವುದು ನನ್ನ ಮೊಣಕಾಲಿಗೆ ಆಗದು. ನೀವಾದರೆ ಕೂತಿದ್ದೀರಿ, ನಾನೂ ಕೂತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸೋಲಾಪುರದ ನಮ್ಮ ಮನೆಯಲ್ಲಿ ಈಗಿನ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದುವುದು ಮಾತ್ರ ಮರಾಠಿ. ಆದ್ದರಿಂದ ಏನು ಬರೆದರೂ ಮನೆಯಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ ಎಂಬ ಧೈರ್ಯವಿದೆ.

ಎಪ್ಪತ್ತರ ದಶಕ ಆಗಷ್ಟೇ ಸುರುವಾಗಿತ್ತು. ನಾನು ಅಕ್ಕಲಕೋಟ ತಾಲೂಕಿನ ತಡವಳದವಳು. ಅಪ್ಪನಿಗೆ ಹೊಲಮನೆ ಚೆನ್ನಾಗಿತ್ತು. ನಾವು ಇಬ್ಬರೇ ಹೆಣ್ಣುಮಕ್ಕಳು: ನಾನು, ಮತ್ತು ನನಗಿಂತ ಆರು ವರ್ಷ ಚಿಕ್ಕವಳಾದ ಸುಶೀಲಾ. ನಾನು ಸೋಲಾಪುರದ ಹಾಸ್ಟೆಲಿನಲ್ಲಿದ್ದು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ಅದೇ ಊರಿನ ಒಂದು ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದೆ. ಮಾವನವರದು ಪೇಟೆಯಲ್ಲಿ ಅಡತಿ ಅಂಗಡಿ. ಹಳ್ಳಿಯ ರೈತರು ತರುವ ತೊಗರಿಯನ್ನು ದಲಾಲಿ ಹಿಡಿದು ಮಾರಿಕೊಡುವುದು, ಅಷ್ಟಿಷ್ಟು ತಾವೇ ಕೊಂಡು ಭಾವ ಏರುವವರೆಗೆ ಇಟ್ಟುಕೊಳ್ಳುವುದು. ಪೇಟೆಯವರೆಲ್ಲ ಅವರನ್ನು ಸಾವಕಾರ್ರು ಎನ್ನುತ್ತಿದ್ದರು. ನಮ್ಮವರು, ಎಂದರೆ ನನ್ನ ಗಂಡ, ಅದೇ ಅಂಗಡಿಯಲ್ಲಿ ಕೂಡುತ್ತಿದ್ದರು. ಮನೆಯಲ್ಲಿದ್ದಾಗ ರೇಡಿಯೋ ಮುಂದೆ ಕೂಡುತ್ತಿದ್ದರು. ಎರಡೂ ಕಡೆ ಅವರ ಮಾತು ಅಷ್ಟಕ್ಕಷ್ಟೇ.

ನಮ್ಮ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ತಲೆಯ ಮೇಲೆ ಸೆರಗು, ಮಾತಿಗೆ ಅತ್ತೆ. ಮೂವರೂ ಒಂದೇ ಪಡಸಾಲೆಯಲ್ಲಿ ಮೂರು ಮಾರು ಅಂತರದಲ್ಲಿ ಕೂತಿದ್ದರೂ ನನ್ನ ಮಾತು ಮೊದಲು ಅತ್ತೆಗೆ ಹೋಗಿ, ಅಲ್ಲಿಂದ ಮಾವನವರಿಗೆ ತಲುಪಬೇಕು. ಅವರ ಉತ್ತರವೂ ಅದೇ ದಾರಿಯಲ್ಲಿ ವಾಪಸು ಬರಬೇಕು. ಅಕ್ಕಲಕೋಟದಿಂದ ತಡವಳಕ್ಕೆ ಹೋಗುವ ಬಸ್ಸಿಗೂ ಅಷ್ಟು ಸುತ್ತು ಇರಲಿಲ್ಲ. ಅತ್ತೆಯವರು ನಡುವೆ ನಿಂತು ಮಾತನ್ನು ದಾಟಿಸುವಾಗ ತಮ್ಮ ಕಡೆಯದನ್ನೂ ಒಂದಿಷ್ಟು ಸೇರಿಸುತ್ತಿದ್ದರು. ನಾನು “ಚಹಾ ಬೇಕೇನು ಕೇಳ್ರಿ” ಎಂದರೆ, “ಮುಂಜಾನಿಂದ ಮೂರ ಸಲ ಆಗೇದ, ಮತ್ತ ಬೇಕೇನಂತ ಕೇಳ್ತಾಳ” ಎಂದು ಹೋಗುತ್ತಿತ್ತು.

ಮಾವನವರಿಗೆ ಒಂದು ರೂಢಿ ಇತ್ತು. ಪಡಸಾಲೆಯ ಗೋಡೆಗೆ ದಿನಕ್ಕೊಂದು ಹಾಳೆ ಹರಿಯುವ ಮರಾಠಿ ಕ್ಯಾಲೆಂಡರು. ಸಂಜೆ ಪೇಟೆಯಿಂದ ಬಂದು ಕೈಕಾಲು ತೊಳೆದು, ಆ ದಿನದ ಹಾಳೆ ಹರಿದು, ಅದರ ಬೆನ್ನಿಗೆ ಅವತ್ತಿನ ತೊಗರಿ ಭಾವ ಪೆನ್ಸಿಲಿನಿಂದ ಬರೆದು, ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕುತ್ತಿದ್ದರು. ಡಬ್ಬಿ ತುಂಬಿದರೆ ಇನ್ನೊಂದು ಡಬ್ಬಿ. ಬರೆದದ್ದನ್ನು ಅವರು ತಿರುಗಿ ನೋಡಿದ್ದನ್ನು ಯಾರೂ ಕಂಡಿರಲಿಲ್ಲ. ಯಾಕೆ ಬರೆಯುತ್ತೀರಿ ಎಂದು ಅತ್ತೆ ಕೇಳಿದರೆ, “ನಮ್ಮಪ್ಪ ಬರೀತಿದ್ದ” ಎನ್ನುತ್ತಿದ್ದರು. ಭಾವ ಏರುವುದೋ ಇಳಿಯುವುದೋ ತಿಳಿಯಲು ಅವರಿಗೆ ಬೇರೆಯೇ ಉಪಾಯವಿತ್ತು. ಒಂದು ಕಾಳು ತೊಗರಿಯನ್ನು ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿ, ಪೇಟೆಯ ಸದ್ದು ಕೇಳುತ್ತ ಕೂಡುವುದು. ಹಮಾಲರು ಯಾವ ಗಡಿಬಿಡಿಯಲ್ಲಿದ್ದಾರೆ, ಎಷ್ಟು ಲಾರಿ ಬಂದಿವೆ, ಹೊರಗಿನ ಖರೀದಿದಾರ ಚಹಾ ಕುಡಿದು ಹೋದನೋ ಕುಡಿಯದೇ ಹೋದನೋ, ಇವೆಲ್ಲ ಆ ಒಂದು ಕಾಳಿನ ಜೊತೆ ಅವರ ಹಲ್ಲಿಗೆ ಸಿಗುತ್ತಿದ್ದವು.

ಮದುವೆಯ ನಂತರದ ಮೊದಲ ದೀಪಾವಳಿಗೆ ಮನೆ ಝಾಡಿಸುವಾಗ ಆ ಡಬ್ಬಿಗಳು ನನ್ನ ಕೈಗೆ ಸಿಕ್ಕವು. ಎರಡು ವರ್ಷದ ಹಾಳೆಗಳು, ತಾರೀಖಿನ ಪ್ರಕಾರ, ಒಂದರ ಮೇಲೊಂದು. ಮಧ್ಯಾಹ್ನ ಎರಡರಿಂದ ಐದರವರೆಗೆ ಆ ಮನೆಯಲ್ಲಿ ನನಗೆ ಕೆಲಸವೇ ಇರುತ್ತಿರಲಿಲ್ಲ. ಅತ್ತೆ ಮಲಗುತ್ತಿದ್ದರು. ನನ್ನ ಟ್ರಂಕಿನಲ್ಲಿ ಕಾಲೇಜಿನ ದಿನಗಳ ಅರ್ಧ ಖಾಲಿ ಗ್ರಾಫ್ ಪುಸ್ತಕ ಇತ್ತು. ಲೆಕ್ಕ ಕಲಿತವರ ಕೈ ಸುಮ್ಮನೆ ಕೂಡುವುದಿಲ್ಲ ನೋಡಿ. ದಿನಕ್ಕೊಂದು ಚುಕ್ಕೆ ಇಟ್ಟು ಗೆರೆ ಎಳೆಯುತ್ತ ಹೋದೆ. ಸಂಕ್ರಾಂತಿಯ ಹೊತ್ತಿಗೆ ಎರಡು ವರ್ಷದ ತೊಗರಿ ನನ್ನ ಮುಂದೆ ದಿಬ್ಬ ಏರಿ ತಗ್ಗು ಇಳಿದು ಮಲಗಿತ್ತು.

ಆಗ ಕಾಲೇಜಿನ ಒಂದು ಪಾಠ ನೆನಪಾಯಿತು. ಮೇಲಕ್ಕೆ ಎಸೆದ ಚೆಂಡು ಬೀಳುವ ಮೊದಲು ನಿಲ್ಲುತ್ತದೆ, ನಿಲ್ಲುವ ಮೊದಲು ನಿಧಾನವಾಗುತ್ತದೆ. ಚೆಂಡು ಎಲ್ಲಿದೆ ಎಂಬುದನ್ನಷ್ಟೇ ನೋಡಿದರೆ ಅದು ಇನ್ನೂ ಏರುತ್ತಿದೆ ಎನಿಸುತ್ತದೆ. ಎಷ್ಟು ಜೋರಿನಿಂದ ಏರುತ್ತಿದೆ ಎಂದು ನೋಡಿದವನಿಗೆ ಮಾತ್ರ ಮುಂದಿನದು ಹೊಳೆಯುತ್ತದೆ. ತೊಗರಿಗೂ ಹಾಗೇ ಮಾಡಿದರೆ? ಪ್ರತಿದಿನದ ಭಾವದಿಂದ ಪೇಟೆಯ ಹತ್ತು ದಿನಗಳ ಹಿಂದಿನ ಭಾವವನ್ನು ಕಳೆದೆ. ಬಂದ ಅಂಕಿಯನ್ನು ಕೆಳಗೆ ಬೇರೆ ಗೆರೆಯಾಗಿ ಬರೆದೆ, ನಡುವೆ ಸೊನ್ನೆಯ ಗೆರೆ. ಇಂಥದಕ್ಕೆ ಮುಂಬಯಿಯಲ್ಲೋ ವಿಲಾಯತಿಯಲ್ಲೋ ಯಾರಾದರೂ ಹೆಸರಿಟ್ಟಿದ್ದರೋ ಏನೋ, ನನಗೆ ಗೊತ್ತಿರಲಿಲ್ಲ. ಆದರೆ ಆ ಎರಡು ವರ್ಷದಲ್ಲಿ ಭಾವ ಮೂರು ಸಲ ದೊಡ್ಡದಾಗಿ ಬಿದ್ದಿತ್ತು, ಮೂರೂ ಸಲ ಮೇಲಿನ ಗೆರೆ ಏರುತ್ತಿರುವಾಗಲೇ ಕೆಳಗಿನ ಗೆರೆ ಬಾಗತೊಡಗಿತ್ತು. ಅವತ್ತು ನನಗೆ ಆದ ಸಂತೋಷಕ್ಕೆ ಮಲಗಿದ್ದ ಅತ್ತೆಯವರನ್ನು ಎಬ್ಬಿಸಿಬಿಟ್ಟೆ.

ಸಂಜೆ ಚಹಾದ ಹೊತ್ತಿಗೆ, “ಅತ್ತಿಯವರ, ಮಾವಾರಿಗಿ ಇದನ್ನೀಟ ತೋರಸ್ರಿ,” ಎಂದೆ.

ಅತ್ತೆ ಹಾಳೆಯನ್ನು ತಲೆಕೆಳಗು ಮಾಡಿ ಅವರ ಮುಂದೆ ಇಟ್ಟರು. “ಸೊಸಿ ಏನೋ ಬರದಾಳ ನೋಡ್ರಿ. ರಂಗೋಲಿ ಇದ್ದಂಗದ.”

“ರಂಗೋಲಿ ಅಲ್ಲಂತ ಹೇಳ್ರಿ. ಮ್ಯಾಲಿನ ಗೆರಿ ತೊಗರಿ ಭಾವ ಅಂತ ಹೇಳ್ರಿ.”

“ರಂಗೋಲಿ ಅಲ್ಲಂತ. ತೊಗರಿ ಭಾವಂತ.”

“ಕೇಳಿಸ್ತು, ನನ್ನ ಕಿವಿ ಚಲೋ ಅದಾವ,” ಎಂದು ಮಾವನವರು ಹಾಳೆಯನ್ನು ನೆಟ್ಟಗೆ ಮಾಡಿಕೊಂಡರು. “ಕೆಳಗಿಂದೇನಂತ ಕೇಳು.”

ನಾನು ಹೇಳಿದೆ. ಹತ್ತು ದಿನದ ಹಿಂದಿನ ಭಾವ ಕಳೆಯುವುದು, ಏರಿಕೆ ಜೋರಾಗಿದ್ದರೆ ಗೆರೆ ಮೇಲಿರುವುದು, ಭಾವ ಏರುತ್ತಿದ್ದರೂ ಏರಿಕೆ ಸಣ್ಣದಾದರೆ ಗೆರೆ ಮೊದಲೇ ಬಾಗುವುದು. ಅತ್ತೆ ಅರ್ಧಕ್ಕೇ ಕೈಬಿಟ್ಟರು. “ಇಷ್ಟೆಲ್ಲಾ ನನಗ ಹೇಳಾಕ ಬರೂದಿಲ್ಲವ್ವ. ಅವರು ಕೇಳಿಸ್ಕೊಂಡಾರ ಬಿಡು.”

ಮಾವನವರು ಚಹಾ ಆರುವವರೆಗೂ ಹಾಳೆ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಎತ್ತ ದಿಬ್ಬಾ ಏರೂ ಮುಂದ ನೋಡಿದ್ದೇನ? ಏರತಿರ್ತದ, ಆದ್ರ ದಮ್ಮ ಹೋಗಿರ್ತದ. ನಿನ್ನ ಸೊಸಿ ತೊಗರಿ ದಮ್ಮ ಅಳದಾಳ,” ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಗೆರೆಯ ಹೆಸರು ದಮ್ಮು.

ಮರುವರ್ಷ ಬೇಸಿಗೆಯಲ್ಲಿ ದಮ್ಮು ಒಮ್ಮೆ ಸೊನ್ನೆಗೆ ಸಮೀಪ ಬಂತು. ಭಾವ ಇನ್ನೂ ಏರುತ್ತಲೇ ಇತ್ತು. ಅತ್ತೆಯವರ ಮೂಲಕ ಹೇಳಿದೆ. ಮಾವನವರು ತಮ್ಮ ಸ್ವಂತದ ತೊಗರಿಯಲ್ಲಿ ಅರ್ಧವನ್ನು ಮಾರಿದರು. ಎಂಟೇ ದಿನಕ್ಕೆ ಭಾವ ಕುಸಿಯಿತು. ಅವತ್ತು ಸಂಜೆ ಅವರು ಬಗಲಲ್ಲಿ ಒಂದು ಕಟ್ಟು ಹಿಡಿದು ಬಂದರು. ಸೀರೆ ಇರಬೇಕೆಂದು ಅತ್ತೆ ಅಂದುಕೊಂಡರು. ಬಿಚ್ಚಿದರೆ ಒಂದು ಡಜನ್ ಗ್ರಾಫ್ ಪುಸ್ತಕ, ಜೊತೆಗೆ ಬಣ್ಣದ ಪೆನ್ಸಿಲಿನ ಡಬ್ಬಿ. “ಕೆಂಪಂದು ದಮ್ಮಿಗಿ ಇಟ್ಕೋ ಅಂತ ಹೇಳು,” ಎಂದರು ಅತ್ತೆಗೆ. ಸೀರೆಗಳು ಆಮೇಲೆ ಎಷ್ಟೋ ಬಂದವು, ಹರಿದೂ ಹೋದವು. ಆ ಪೆನ್ಸಿಲುಗಳ ಬಣ್ಣ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದೆ.

ನನ್ನ ತಲೆ ತಿರುಗಿದ್ದು ಅಲ್ಲಿಂದ ಎಂದು ಒಪ್ಪಿಕೊಳ್ಳುತ್ತೇನೆ. ಎಲ್ಲದಕ್ಕೂ ದಮ್ಮು ಹಚ್ಚಿ ನೋಡತೊಡಗಿದೆ. ಓಣಿಯಲ್ಲಿ ಹೂವು ಮಾರುವವಳ ಮಲ್ಲಿಗೆಗೆ, ಬಾವಿಯ ನೀರಿಗೆ, ಕಡೆಗೆ ಅತ್ತೆಯವರ ಸಿಟ್ಟಿಗೂ. ಅತ್ತೆಯವರ ಸಿಟ್ಟಿನ ವಿಷಯದಲ್ಲಿ ಒಮ್ಮೆಯೂ ಸರಿಹೋಗಲಿಲ್ಲ. ಅದು ದಮ್ಮು ತೀರಿತೆಂದುಕೊಂಡಾಗಲೇ ಹೊಸದಾಗಿ ಸುರುವಾಗುತ್ತಿತ್ತು. ಅದರಿಂದಲಾದರೂ ನಾನು ಪಾಠ ಕಲಿಯಬೇಕಿತ್ತು.

ಸುಶೀಲಾ ಮ್ಯಾಟ್ರಿಕ್ ಪಾಸಾದ ವರ್ಷ ಬಂತು. ಅವಳಿಗೆ ಕಾಲೇಜಿನ ಆಸೆ. ಅಪ್ಪನಿಗೂ ಮನಸ್ಸಿತ್ತು, ಆದರೆ ಅದೇ ವರ್ಷ ಬಾವಿಗೆ ಇಂಜಿನ್ನು ಕೂಡಿಸಿದ್ದ. ಕೈಯಲ್ಲಿ ಉಳಿದದ್ದು ಮನೆಯಲ್ಲಿ ಚೀಲ ಕಟ್ಟಿಟ್ಟ ತೊಗರಿ. ಅದು ಚೆನ್ನಾಗಿ ಮಾರಿದರೆ ಸುಶೀಲಾ ಸೋಲಾಪುರದ ಹಾಸ್ಟೆಲಿಗೆ, ಇಲ್ಲದಿದ್ದರೆ ಒಂದು ವರ್ಷ ಮನೆಯಲ್ಲೇ. ನಮ್ಮ ಊರಲ್ಲಿ ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮರುವರ್ಷ ಕಾಲೇಜಿಗೆ ಹೋದದ್ದನ್ನು ನಾನಂತೂ ನೋಡಿರಲಿಲ್ಲ. ಅಷ್ಟರಲ್ಲಿ ಯಾರಾದರೂ ವರ ನೋಡಲು ಬಂದಿರುತ್ತಿದ್ದರು.

ಮೇ ತಿಂಗಳ ಕೊನೆಗೆ ಅಪ್ಪ ಸುಶೀಲಾಳನ್ನು ಕರೆದುಕೊಂಡು ಕಾಲೇಜಿನ ಅರ್ಜಿ ತರಲು ಬಂದ. ನಡುಮಧ್ಯಾಹ್ನ ನಮ್ಮ ಮನೆಗೂ ಬಂದರು. ಮಾವನವರು ಅಂಗಡಿಯಲ್ಲಿದ್ದರು. ಮಗಳನ್ನು ಕೊಟ್ಟ ಮನೆಯಲ್ಲಿ ಅಪ್ಪ ನೀರೂ ಕುಡಿಯುತ್ತಿರಲಿಲ್ಲ. ಹಳೆಯ ಕಾಲದವನು. ಕಟ್ಟೆಯ ಮೇಲೆ ಕೂತು ತನ್ನ ಚೀಲದೊಳಗಿನ ಬುತ್ತಿ ಬಿಚ್ಚಿ ಭಾಕ್ರಿ, ಶೇಂಗಾ ಚಟ್ನಿ ತಿಂದ. ನಾನು ಗ್ರಾಫ್ ಪುಸ್ತಕ ತಂದು ಅವನ ಮುಂದೆ ಹರವಿದೆ.

“ಭಾವ ಏರಾಕತ್ತದಲ್ಲವಾ,” ಎಂದ ಅಪ್ಪ, ಮೇಲಿನ ಗೆರೆಯ ಮೇಲೆ ಬೆರಳು ಆಡಿಸುತ್ತ.

“ಮ್ಯಾಲಿಂದು ನೋಡಬ್ಯಾಡಪಾ. ಕೆಂಪಂದು ನೋಡು. ಎಂಟ ದಿನದಿಂದ ಇಳಿಯಾಕತ್ತದ. ದಮ್ಮ ಹೋಗೇದ. ಈ ವಾರದಾಗ ಮಾರಿಬಿಡು.”

“ಖರೇನ?”

“ಹ್ವಾದ ವರ್ಷ ಮಾವಾರು ನನ್ನ ಮಾತ ಕೇಳಿನೇ ಮಾರ್ಯಾರ,” ಎಂದೆ. ಆ ಧ್ವನಿಯಲ್ಲಿ ಎಷ್ಟು ಸೊಕ್ಕಿತ್ತೆಂದು ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ. ಆ ವರ್ಷ ಅದೇ ಹಾಳೆ ಮಾವನವರಿಗೂ ಹೋಗಿತ್ತು. ಅವರು ನೋಡಿ ಒಂದು ಕಾಳು ಕಡಿದು ಸುಮ್ಮನಿದ್ದರು. ಅವರ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದು ನಾನು ತಿಳಿದುಕೊಂಡಿದ್ದೆ. ಅಪ್ಪ ಕೈ ತೊಳೆದುಕೊಂಡು, ಸುಶೀಲಾಳ ಕೈಗೆ ಅರ್ಜಿ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಮುಂದಿನ ಸೋಮವಾರ ಅಕ್ಕಲಕೋಟದ ಪೇಟೆಯಲ್ಲಿ ತೊಗರಿಯನ್ನೆಲ್ಲ ಮಾರಿದನೆಂದು ಸುದ್ದಿ ಬಂತು.

ಮೊದಲ ನಾಲ್ಕು ದಿನ ಭಾವ ನಿಂತಲ್ಲೇ ನಿಂತಿತು. ನಾನು ಗೆದ್ದೆ ಎಂದುಕೊಂಡೆ. ಐದನೆಯ ದಿನ ಸಂಜೆ ಮಾವನವರು ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದ ಅಂಕಿ ನೋಡಿ ಒಳಗೆ ಹೋದೆ. ಆರನೆಯ ದಿನದ್ದು ಅದಕ್ಕಿಂತ ಹೆಚ್ಚು. ಏಳನೆಯ ದಿನದ್ದು ಇನ್ನೂ ಹೆಚ್ಚು. ಸೊನ್ನೆಯ ಹತ್ತಿರ ಬಂದಿದ್ದ ಕೆಂಪು ಗೆರೆ ಅಲ್ಲಿಂದ ತಿರುಗಿ ಮೂರು ವಾರದಲ್ಲಿ ಹಿಂದೆಂದೂ ಏರದಷ್ಟು ಏರಿತು. ಅಪ್ಪ ಕಾದಿದ್ದರೆ, ಆ ಏರಿಕೆಯಷ್ಟರಲ್ಲೇ ಸುಶೀಲಾಳ ಹಾಸ್ಟೆಲಿನ ಖರ್ಚು ನೀಗುತ್ತಿತ್ತು. ಊಟ ಸೇರದಾಯಿತು. ಅತ್ತೆಯವರು ಬೇರೆಯೇ ಅರ್ಥ ಮಾಡಿಕೊಂಡು ನನಗೆ ಹುಣಸೆ ಹಣ್ಣು ತಂದುಕೊಟ್ಟರು. ಅವರಿಗೆ ನಿಜ ಹೇಳಿ ಅತ್ತುಬಿಟ್ಟೆ. ಪಾಪ, ಎರಡು ನಿರಾಸೆ ಅವರಿಗೆ ಒಟ್ಟಿಗೇ ಆಯಿತು.

ಮಳೆ ಸುರುವಾದ ಮೇಲೆ ಒಂದು ದಿನ ಅಪ್ಪ ಒಬ್ಬನೇ ಬಂದ. ಆ ವರ್ಷ ಸುಶೀಲಾಳನ್ನು ಕಳಿಸುವುದಿಲ್ಲವೆಂದು ನನಗೆ ಹೇಳಿಹೋಗಲು ಬಂದಿದ್ದ. ರವಿವಾರವಾದ್ದರಿಂದ ಮಾವನವರು ಮನೆಯಲ್ಲೇ ಇದ್ದರು. ಇಬ್ಬರೂ ಪಡಸಾಲೆಯಲ್ಲಿ ಕೂತರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಮಳೆಬೆಳೆ ಮಾತಾಯಿತು. ಹೊಸ ಇಂಜಿನ್ನಿನ ಮಾತಾಯಿತು. ತೊಗರಿಯ ಮಾತನ್ನು ಅಪ್ಪ ಎತ್ತಲೇ ಇಲ್ಲ. “ಸಣ್ಣಾಕಿ ಈ ವರ್ಷ ಮನ್ಯಾಗೇ ಇರ್ಲಿ ಅಂತ ಮಾಡೀನಿ,” ಎಂದಷ್ಟೇ ಹೇಳಿದ.

ಮಾವನವರು ಅಪ್ಪನ ಕಡೆ ತಿರುಗಿ ಕೂತರು. ಆಮೇಲೆ ಹೇಳಿದರು: “ಬೀಗರ, ನನ್ನಿಂದ ನಿಮಗ ತಪ್ಪಾಗೇದ.”

“ಏನ ತಪ್ಪರಿ?”

“ತೊಗರಿ ಮಾರು ಅಂತ ನಿಮಗ ಹೇಳಿಸಿದಾಂವ ನಾನೇ. ಸೊಸಿ ಬಾಯಲೆ ಹೇಳಿಸಿದೆ. ಆಕಿ ಪಾಪ ನಾ ಹೇಳಿದ್ದು ನಿಮಗ ಹೇಳ್ಯಾಳ. ಲಾರಿ ಬಂದು ಖರೀದಿ ಹಿಂಗ ಎದ್ದೀತಂತ ನನಗ ಗೊತ್ತಾಗಲಿಲ್ಲ.”

ಅವರು ಒಂದೇ ಒಂದು ಮಾತನ್ನೂ ಹಾಗೆ ಹೇಳಿರಲಿಲ್ಲ. ಹೊರಗೆ ಹೋಗಿ, ಇಲ್ಲ ಅಪ್ಪಾ, ನಾನೇ ಎಂದು ಹೇಳಿಬಿಡಬೇಕೆಂದು ಹೆಜ್ಜೆ ಎತ್ತಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಳೆಗಳು ಒತ್ತಿ ನೋಯುವಷ್ಟು ಗಟ್ಟಿ.

ಅಪ್ಪ ಮಾವನವರ ಮುಖವನ್ನೇ ನೋಡುತ್ತಿದ್ದ. “ಇರ್ಲಿ ಬಿಡ್ರಿ. ಪ್ಯಾಟಿ ಯಾರ ಕೈಯಾಗಿನ ಮಾತು.”

“ಇರ್ಲಿ ಅಂದ್ರ ನಡಿಯೂದಿಲ್ಲ. ತಪ್ಪ ನಂದು, ದಂಡ ನಾ ಕಟ್ಟಬೇಕು. ರೊಕ್ಕಾ ಕೊಟ್ರ ನೀವು ಮುಟ್ಟೂದಿಲ್ಲ, ಗೊತ್ತದ. ಸುಶೀಲಾನ ಇಲ್ಲಿ ಕಳಸ್ರಿ. ಅಕ್ಕನ ಜೋಡಿ ಇದ್ದು ಕಾಲೇಜಿಗಿ ಹೋಗ್ಲಿ. ಆಕಿ ಉಣ್ಣೂ ಎರಡ ಭಾಕ್ರಿಗಿ ಬ್ಯಾಡ ಅಂದ್ರ ನನ್ನ ತಲಿ ಮ್ಯಾಲಿಂದು ಇಳಿಯೂದು ಹ್ಯಾಂಗ?”

“ಅತ್ತಿಯವರ, ಬಿಡ್ರಿ, ನಾ ಹೇಳ್ತೀನಿ,” ಎಂದು ಪಿಸುಗುಟ್ಟಿದೆ.

“ಸುಮ್ನಿರು,” ಎಂದರು ಅತ್ತೆ ನನ್ನ ಕಿವಿಯಲ್ಲಿ. “ಈಗ ನೀ ಹೊರಗ ಹೋದ್ರ ಆ ಹುಡಿಗಿ ಕಾಲೇಜ ಹೋತು.”

ಅದು ನಿಜವಾಗಿತ್ತು. ಬೀಗರ ಮನೆಯಲ್ಲಿ ನೀರು ಮುಟ್ಟದ ಮನುಷ್ಯ ಇನ್ನೊಬ್ಬ ಮಗಳನ್ನು ಅದೇ ಮನೆಯಲ್ಲಿ ಉಣ್ಣಲು ಬಿಡಬೇಕಾದರೆ, ಬೀಗರು ತಪ್ಪು ಮಾಡಿರಲೇಬೇಕಿತ್ತು. ಹೊರಗೆ ಮಳೆ ನಿಂತು ತಗಡಿನಿಂದ ಹನಿ ಬೀಳುತ್ತಿದ್ದವು. ಕಡೆಗೆ ಅಪ್ಪ, “ನೀವು ಅಷ್ಟ ಹೇ‌ಳಿದ ಮ್ಯಾಲ ನಾ ಏನ ಅನ್ನಲ್ರಿ,” ಎಂದು ಎದ್ದು, ಮಾವನವರಿಗೆ ಕೈಮುಗಿದ. ಮಾವನವರೂ ಎದ್ದು ನಿಂತು ಕೈಮುಗಿದರು.

ಹೀಗೆ ಸುಶೀಲಾ ನಮ್ಮ ಮನೆಗೆ ಬಂದಳು. ಅವಳು ಸೊಸೆಯಲ್ಲ, ಅವಳಿಗೆ ಸೆರಗಿನ ಕಟ್ಟಳೆ ಇಲ್ಲ. ಬಂದ ಮರುದಿನವೇ ಮಾವನವರ ಎದುರು ಕೂತು ಪೇಟೆಯಲ್ಲಿ ಏನೇನಾಯಿತೆಂದು ಕೇಳತೊಡಗಿದಳು. ಅವರೂ ಹೇಳುತ್ತಿದ್ದರು. ಅಡುಗೆಮನೆಯಿಂದ ಕೇಳುತ್ತ ನಾನು ಮತ್ಸರಪಟ್ಟದ್ದೂ ಉಂಟು. ನಾನು ಗ್ರಾಫ್ ಪುಸ್ತಕಗಳನ್ನು ಟ್ರಂಕಿನ ತಳಕ್ಕೆ ಹಾಕಿ ಕೀಲಿ ಹಾಕಿದ್ದೆ. ತಿಂಗಳಾದ ಮೇಲೆ ಒಂದು ಸಂಜೆ ಚಹಾ ಇಟ್ಟು ತಿರುಗಿದಾಗ ಹಿಂದಿನಿಂದ ಮಾತು ಬಂತು.

“ದಮ್ಮಿನ ಹಾಳಿ ಎಲ್ಲಿ?”

ಪಡಸಾಲೆಯಲ್ಲಿ ಅತ್ತೆ ಇರಲಿಲ್ಲ, ಸುಶೀಲಾ ಇರಲಿಲ್ಲ. ಮಾತು ನನಗೇ. ಮದುವೆಯಾಗಿ ಅಷ್ಟು ವರ್ಷಕ್ಕೆ ಮಾವನವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಸೆರಗು ಸರಿಮಾಡಿಕೊಂಡು ನೆಲ ನೋಡುತ್ತ, “ಬಿಟ್ಟೀನ್ರಿ. ಅದು ಸುಳ್ಳ ಹೇಳ್ತದ,” ಎಂದೆ.

“ಸುಳ್ಳ ಹೇಳಲಿಲ್ಲ ಅದು. ಎತ್ತ ನಿಂತದ ಅಂತ ಹೇಳ್ತು, ಎತ್ತ ನಿಂತಿದ್ದು ಖರೆ. ದಣದ ನಿಂತದೋ, ನೀರ ಕುಡಿಯಾಕ ನಿಂತದೋ, ಅದು ಹಾಳಿಗಿ ಹ್ಯಾಂಗ ಗೊತ್ತಾಗ್ಬೇಕು? ಆವಾಗ ಹತ್ತ ದಿನ ಲಾರಿ ಸಿಗಲಿಲ್ಲ. ಹೊರಗಿನವರು ಕೈಕಟ್ಟಿ ಕುಂತಿದ್ರು. ಅದನ್ನ ನಾ ನಿನಗ ಹೇಳಬೇಕಿತ್ತು. ಹೇಳಲಿಲ್ಲ.” ಚಹಾ ಒಂದು ಗುಟುಕು ಕುಡಿದು, “ನಾಳಿಂದ ನಾ ಪ್ಯಾಟಿ ಹೇಳ್ತೀನಿ, ನೀ ದಮ್ಮ ಹೇಳು,” ಎಂದರು.

ಅವರು ಇರುವವರೆಗೆ ಹಾಗೇ ನಡೆಯಿತು. ದಮ್ಮು ಬಾಗಿದಾಗ ನಾನು ಹೇಳುವುದು, ಯಾಕೆ ಬಾಗಿರಬಹುದೆಂದು ಅವರು ಕಾಳು ಕಡಿದು ಯೋಚಿಸುವುದು. ಆಮೇಲೂ ನಾವು ತಪ್ಪಿದೆವು, ಆದರೆ ಇಬ್ಬರೂ ಸೇರಿ ತಪ್ಪಿದೆವು. ಆ ಜಂಟಿ ತಪ್ಪುಗಳಲ್ಲಿ ಒಂದು ಬಗೆಯ ಸುಖವಿತ್ತು.

ಆದರೆ ತಡವಳದಲ್ಲಿ ಮಾವನವರ ಹೆಸರು ಕೆಟ್ಟಿತ್ತು. ಸುದ್ದಿ ಹೇಗೋ ಹಬ್ಬಿ, “ಸೋಲಾಪುರದ ಸಾವಕಾರಗ ಕೇಳಿ ತೊಗರಿ ಮಾರಬ್ಯಾಡ್ರೋ” ಎನ್ನುವುದು ನಮ್ಮ ನೆಂಟರಿಷ್ಟರಲ್ಲಿ ನಗೆಮಾತಾಯಿತು. ಮದುವೆ ಮುಂಜಿಗೆ ಹೋದಾಗ ಪಂಕ್ತಿಯಲ್ಲಿ ಕೂತ ಯಾರಾದರೂ ಅದನ್ನು ಎತ್ತುತ್ತಿದ್ದರು. ಮಾವನವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. “ನನಗ ತೊಗರಿ ತಿಳಿಯೂದಿಲ್ರೀ, ಬ್ಯಾಳಿ ತಿಳೀತದ. ಈಟ ನೀಡ್ರಿ,” ಎಂದು ಬಟ್ಟಲು ಮುಂದೆ ಮಾಡುತ್ತಿದ್ದರು. ಅಡತಿ ವ್ಯಾಪಾರದವನಿಗೆ ಅವನ ಮಾತೇ ಬಂಡವಾಳ. ಆ ಕಡೆಯ ಕೆಲವು ರೈತರು ಅವರ ಅಂಗಡಿಗೆ ಬರುವುದನ್ನು ಬಿಟ್ಟದ್ದೂ ನನಗೆ ಗೊತ್ತಿತ್ತು. ಹೆಂಗಸರ ಪಂಕ್ತಿಯಲ್ಲಿ ಕೂತ ನಾನು ಎಲೆಯ ಮೇಲಿನ ಅನ್ನ ಕಲಸುತ್ತ ಇರುತ್ತಿದ್ದೆ. ಸುಶೀಲಾಳ ಕಾಲೇಜು ಮುಗಿಯಲಿ, ಹೇಳುತ್ತೇನೆ ಎಂದುಕೊಂಡೆ. ಮುಗಿಯಿತು, ಅವಳಿಗೆ ಸಾಲೆಯಲ್ಲಿ ನೌಕರಿ ಆಯಿತು, ಮದುವೆಯಾಯಿತು. ಹೇಳಲಿಲ್ಲ. ಅಪ್ಪ ಹೋದ. ಎರಡು ವರ್ಷದ ಮೇಲೆ ಮಾವನವರೂ ಹೋದರು. ಆಮೇಲೆ ಯಾರಿಗೆ ಹೇಳುವುದು?

ಔಷಧಿ ಅಂಗಡಿಯಿಂದ ಬಂದ ದಿನದಿಂದ ಅದು ಮತ್ತೆ ಎದೆಯಲ್ಲಿ ಆಡತೊಡಗಿತು. ಮುಂದಿನ ಗುರುವಾರ ಅಕ್ಕಲಕೋಟಕ್ಕೆ ಹೊರಟೆ. ಸುಶೀಲಾ ಅಲ್ಲೇ ಇದ್ದಾಳೆ, ಹೆಡ್‌ಮಾಸ್ತರಾಗಿ ರಿಟಾಯರ್ ಆಗಿದ್ದಾಳೆ. ಗುರುವಾರ ಬಸ್ಸಿನ ತುಂಬ ಅಲ್ಲಿನ ಸ್ವಾಮಿಗಳ ದರ್ಶನಕ್ಕೆ ಹೋಗುವವರು. ಒಂದು ಗಂಟೆಯ ದಾರಿಯನ್ನು ಯಾರದೋ ತೆಂಗಿನಕಾಯಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕಳೆದೆ. ಊಟವಾದ ಮೇಲೆ ಅಂಗಳದ ಹಗ್ಗದ ಮಂಚದ ಮೇಲೆ ಇಬ್ಬರೂ ಕಾಲು ಚಾಚಿ ಕೂತಾಗ ಹೇಳಿಬಿಟ್ಟೆ. ತೊಗರಿ ಮಾರೆಂದದ್ದು ಮಾವನವರಲ್ಲ, ನಾನು. ಅವರು ನನ್ನ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು, ನಾನು ಬಾಗಿಲ ಹಿಂದೆ ನಿಂತು ಸುಮ್ಮನಿದ್ದೆ, ಅಪ್ಪ ಕಡೆಯವರೆಗೂ ಆ ಸುಳ್ಳನ್ನೇ ನಂಬಿ ಹೋದ.

ಸುಶೀಲಾ ನನ್ನ ಮಾತು ಮುಗಿಯುವವರೆಗೆ ಅಡಿಕೆ ಕತ್ತರಿಸುತ್ತಿದ್ದಳು. ಆಮೇಲೆ ಅಡಕೊತ್ತು ಕೆಳಗಿಟ್ಟಳು.

“ಅಕ್ಕಾ, ಅಪ್ಪಗ ಗೊತ್ತಿತ್ತ.”

“ಏನ ಗೊತ್ತಿತ್ತ? ಯಾರ ಹೇಳಿದ್ರು?”

“ಯಾರ ಹೇಳಬೇಕು? ಅರ್ಜಿ ತರಾಕ ಬಂದಿದ್ವಲ್ಲ, ಆವತ್ತ ನಿಮ್ಮ ಮನಿಯಿಂದ ನಾವು ನೆಟ್ಟಗ ಸ್ಟ್ಯಾಂಡಿಗಿ ಹೋಗಲಿಲ್ಲ. ಪ್ಯಾಟಿಗಿ ಹೋದ್ವಿ. ಮಾವಾರು ಅಂಗಡ್ಯಾಗಿದ್ರು. ನಾ ಅಲ್ಲೇ ಚೀಲದ ಮ್ಯಾಲ ಕುಂತಿದ್ದೆ. ತೊಗರಿ ಏನ ಮಾಡ್ಲಿರಿ ಅಂತ ಅಪ್ಪ ಕೇಳಿದ. ಮಾವಾರು ಒಂದ ಕಾಳ ಕಡದು, ‘ಗಡಬಡ ಮಾಡಬ್ಯಾಡ್ರಿ ಬೀಗರ, ಲಾರಿ ಬರ್ಲಿ, ಹದಿನೈದ ದಿನ ತಡೀರಿ’ ಅಂದ್ರು. ನನ್ನ ಕಿವಿಯಾರೆ ಕೇಳೀನಿ.”

ಹಾಗಾದರೆ ಆ ಮಳೆಯ ರವಿವಾರ, ಪಡಸಾಲೆಯಲ್ಲಿ, ಮಾವನವರು ಸುಳ್ಳು ಹೇಳಿದ್ದು ಸತ್ಯ ಗೊತ್ತಿದ್ದ ಮನುಷ್ಯನ ಮುಖ ನೋಡಿಕೊಂಡೇ. ಅಪ್ಪ ಅದನ್ನು ಕೇಳಿಸಿಕೊಂಡು ಕೈಮುಗಿದದ್ದೂ ಎಲ್ಲ ಗೊತ್ತಿದ್ದೇ. ಏನೂ ಗೊತ್ತಿಲ್ಲದವಳು ಬಾಗಿಲ ಹಿಂದಿನ ನಾನೊಬ್ಬಳೇ.

“ಮತ್ತ ನೀ ಇಷ್ಟ ವರ್ಷ ನನಗ ಯಾಕ ಹೇಳಲಿಲ್ಲ?”

“ಅಪ್ಪ ಆಣಿ ಹಾಕಿದ್ದ. ‘ಬೀಗರು ನಮ್ಮ ಹುಡಿಗಿ ಮರ್ಯಾದಿ ಕಾಯ್ದಾರ, ಅವರ ಸುಳ್ಳ ನಾವು ಕಾಯಬೇಕು’ ಅಂದಿದ್ದ. ನಿನಗ ಗೊತ್ತಾದ್ರ ನೀ ಸುಮ್ನಿರೂದಿಲ್ಲ ಅಂತ ಅವಗ ಗೊತ್ತಿತ್ತ.”

“ಅಲ್ಲ, ಮಾವಾರು ತಡೀರಿ ಅಂದ ಮ್ಯಾಲೂ ಅಪ್ಪ ಯಾಕ ಮಾರಿದ?”

ಸುಶೀಲಾ ಸ್ವಲ್ಪ ನಕ್ಕಳು. “ನಾನೂ ಬಸ್ಸಿನ್ಯಾಗ ಅದನ್ನೇ ಕೇಳಿದೆ. ಸಾವಕಾರ್ರು ತಡೀರಿ ಅಂದಾರ, ಅಕ್ಕ ಮಾರು ಅಂದಾಳ, ಯಾರ ಮಾತ ಕೇಳ್ತೀ ಅಪ್ಪಾ ಅಂತ. ಬೋರಿ ನದಿ ದಾಟಿದ ಮ್ಯಾಲ ಅಂದ, ‘ಅವರು ನಲವತ್ತ ವರ್ಷ ಪ್ಯಾಟಿ ನೋಡ್ಯಾರ, ಖರೆ. ಆದ್ರ ಆಕಿ ಮಾತ ಕೇಳೂದಿಲ್ಲಂದ್ರ ಆಕೀನ ಯಾಕ ಕಲಿಸಿದೆ ನಾ?’”

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಸುಶೀಲಾ ಒಳಗೆ ಹೋಗಿ ನೀರು ತಂದಳು, ಆಮೇಲೆ ಚಹಾ ತಂದಳು. ಸಂಜೆಯ ಬಸ್ಸಿಗೆ ಹೋಗಬೇಕೆಂದಿದ್ದವಳು ಎದ್ದು ಮನೆಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲ, ನಾಳೆ ಮುಂಜಾನೆ ಸುಶೀಲಾಳ ಜೊತೆ ತಡವಳಕ್ಕೆ ಹೋಗುತ್ತೇನೆ ಎಂದು ಹೇಳಿದೆ. ಅಲ್ಲಿ ಇನ್ನೇನು ಕೆಲಸ ಎಂದು ಕೇಳಿದರು. ಆ ಕಾಲದ ಹಿರಿಯರು ಊರಲ್ಲಿ ಇನ್ನೂ ನಾಲ್ಕೈದು ಜನ ಉಳಿದಿದ್ದಾರೆ, ನಮ್ಮ ಮಾವನವರಿಗೆ ತೊಗರಿ ಬಹಳ ಚೆನ್ನಾಗಿ ತಿಳಿಯುತ್ತಿತ್ತು ಎಂದು ಅವರಿಗೆ ಹೇಳಿಬರಬೇಕು ಎಂದೆ.